ಕಲಸುವ ಯಂತ್ರ: ಹಳೆಯದು, ಹೊಸದು

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಅಡಿಗೆಮನೆಯ ಯಂತ್ರಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. ನಮ್ಮ ಮನೆಯವರೂ ಈ ಪ್ರಶ್ನೆಯನ್ನು ಹಲವು ಸಲ ಕೇಳಿದ್ದಾರೆ. ಅವರು ಕೇಳುವಾಗ ದನಿ ಸ್ವಲ್ಪ ಬೇರೆಯಾಗಿರುತ್ತದೆ, ಅಷ್ಟೆ. ಏಕೆಂದರೆ ಅವರ ಅಡಿಗೆಮನೆಯ ಕಟ್ಟೆಯ ಮೇಲೆ ಅರ್ಧ ಜಾಗ ಹಿಡಿದು ಕುಳಿತಿರುವುದು ನಾನು ಗುಜರಿ ಅಂಗಡಿಯಿಂದ ಹೊತ್ತು ತಂದ ಒಂದು ಯಂತ್ರ. ಆ ಯಂತ್ರದ ವಿಚಾರ, ಅದರ ಪೂರ್ವಿಕರ ವಿಚಾರ, ಮತ್ತು ಅದರ ಪಕ್ಕದಲ್ಲಿ ಒಂದು ವಾರ ನಿಂತು ಹೋದ ಹೊಸ ಯಂತ್ರದ ವಿಚಾರ, ಇವಿಷ್ಟೇ ಈ ಹೊತ್ತಿನ ನನ್ನ ಮಾತು.

ಪಂಡಿತ ಪರೀಕ್ಷೆಗೆ ಓದಿದವನಾದ್ದರಿಂದ ಶಬ್ದದಿಂದಲೇ ಹೊರಡುತ್ತೇನೆ. ನಮ್ಮ ಅಡಿಗೆಮನೆಯಲ್ಲಿ ಕೆಲಸಕ್ಕೊಂದು ಕ್ರಿಯಾಪದವುಂಟು. ರಾಗಿಯನ್ನು ಬೀಸುತ್ತೇವೆ, ಮೆಣಸಿನಕಾಯನ್ನು ಕುಟ್ಟುತ್ತೇವೆ, ಚಟ್ನಿಯನ್ನು ಅರೆಯುತ್ತೇವೆ, ದೋಸೆಗೆ ರುಬ್ಬುತ್ತೇವೆ, ಮೊಸರನ್ನು ಕಡೆಯುತ್ತೇವೆ, ಮುದ್ದೆಯನ್ನು ತೊಳಸುತ್ತೇವೆ, ಅವಲಕ್ಕಿಯನ್ನು ಕಲಸುತ್ತೇವೆ, ಚಪಾತಿಯ ಹಿಟ್ಟನ್ನು ನಾದುತ್ತೇವೆ. ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ಮನೆಯ ಹೆಂಗಸರು ನಗುತ್ತಾರೆ. ಚಟ್ನಿಯನ್ನು ನಾದಿದೆ ಎಂದವನಿಗೆ ಅಡಿಗೆ ಬಾರದೆಂದು ಆ ಕ್ಷಣವೇ ಗೊತ್ತಾಗಿಬಿಡುತ್ತದೆ.

ಈ ಕೆಲಸಗಳಲ್ಲಿ ಬಹುಪಾಲಿಗೆ ನಮ್ಮ ಹಿರಿಯರು ಒಂದೊಂದು ಸಾಧನವನ್ನು ಮಾಡಿಟ್ಟಿದ್ದರು. ಬೀಸುವುದಕ್ಕೆ ಬೀಸುವ ಕಲ್ಲು, ಕುಟ್ಟುವುದಕ್ಕೆ ಒನಕೆ, ರುಬ್ಬುವುದಕ್ಕೆ ಒರಳುಕಲ್ಲು, ಕಡೆಯುವುದಕ್ಕೆ ಕಡೆಗೋಲು, ತೊಳಸುವುದಕ್ಕೆ ಕೋಲು. ಕಲಸುವುದಕ್ಕೆ ಮತ್ತು ನಾದುವುದಕ್ಕೆ ಮಾತ್ರ ಕೈ ಬಿಟ್ಟರೆ ಬೇರೆ ಸಾಧನವಿರಲಿಲ್ಲ. ಇದು ನನಗೆ ಬಹಳ ತಡವಾಗಿ ಹೊಳೆದ ಸಂಗತಿ. ನಾನು ತಂದ ಯಂತ್ರ ಕಟ್ಟೆಯ ಮೇಲೆ ನಿಂತು ಮಾಡುವ ಮುಖ್ಯ ಕೆಲಸಗಳು ಇವೆರಡೇ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಟ್ಯಾಂಡ್ ಮಿಕ್ಸರ್ ಎಂದು ಹೆಸರು. ನಾವು ಮಿಕ್ಸಿ ಎಂದು ಕರೆಯುವ ಯಂತ್ರವೇ ಬೇರೆ. ಅದು ಕಲಸುವ ಕೆಲಸಕ್ಕೆ ಹುಟ್ಟಿದ್ದಲ್ಲ, ಅರೆಯುತ್ತದೆ, ಪುಡಿಮಾಡುತ್ತದೆ. ಹೆಸರು ಒಂದೇ ಮೂಲದ್ದಾದರೂ ಕೆಲಸ ಬೇರೆ ಬೇರೆ.

ಇದನ್ನು ಕಾಣದವರಿಗಾಗಿ ಎರಡು ಮಾತಿನಲ್ಲಿ ವರ್ಣಿಸುತ್ತೇನೆ. ಭಾರವಾದ ಒಂದು ಪೀಠ. ಅದರ ಹಿಂಬದಿಯಲ್ಲಿ ಒಂದು ಕಂಬ. ಕಂಬದ ಮೇಲೆ ಮುಂದಕ್ಕೆ ಚಾಚಿಕೊಂಡ ತಲೆ. ಆ ತಲೆಯೊಳಗೆ ಹಲ್ಲಿನ ಚಕ್ರಗಳಿವೆ. ತಲೆಯ ಕೆಳಗೆ ಪೀಠದ ಮೇಲೆ ಒಂದು ಬೋಗುಣಿ. ತಲೆಯಿಂದ ಇಳಿಬಿಟ್ಟ ಉಪಕರಣವೊಂದು ಬೋಗುಣಿಯಲ್ಲಿ ತಿರುಗುತ್ತದೆ. ಉಪಕರಣಗಳು ಸಾಮಾನ್ಯವಾಗಿ ಮೂರು. ಚಪ್ಪಟೆಯಾದದ್ದು ಕಲಸುವುದಕ್ಕೆ, ತಂತಿಯ ಬುಟ್ಟಿಯಂಥದು ಮೊಟ್ಟೆಯನ್ನೋ ಕೆನೆಯನ್ನೋ ಕಡೆಯುವುದಕ್ಕೆ, ಕೊಕ್ಕೆಯಂಥದು ನಾದುವುದಕ್ಕೆ. ನೋಡಿ, ಕನ್ನಡದ ಮೂರು ಕ್ರಿಯಾಪದಗಳು ಇಲ್ಲಿ ಉಕ್ಕು ಅಲ್ಯೂಮಿನಿಯಮ್ಮುಗಳಲ್ಲಿ ಮೂರ್ತಿವೆತ್ತಿವೆ.

ಈ ಯಂತ್ರ ಹುಟ್ಟಿದ್ದು ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ. ಅಲ್ಲಿ ಟ್ರಾಯ್ ಎಂಬ ಊರಿನ ಹೋಬಾರ್ಟ್ ಕಂಪನಿಯಲ್ಲಿ ಹರ್ಬರ್ಟ್ ಜಾನ್‌ಸ್ಟನ್ ಎಂಬ ಇಂಜಿನಿಯರು ಕೆಲಸದಲ್ಲಿದ್ದ. 1908ರಲ್ಲಿ ಅವನು, ಒಬ್ಬ ಬ್ರೆಡ್ಡು ಮಾಡುವವನು ಕಬ್ಬಿಣದ ಸೌಟಿನಿಂದ ಹಿಟ್ಟನ್ನು ಕಲಸುತ್ತ ಬಳಲುತ್ತಿದ್ದುದನ್ನು ಕಂಡನಂತೆ. ಆ ನೋಟವೇ ಯಂತ್ರಕ್ಕೆ ಬೀಜವಾಯಿತು. 1914ರ ಹೊತ್ತಿಗೆ ಸುಮಾರು 75 ಲೀಟರು ಹಿಡಿಯುವ ದೊಡ್ಡ ಯಂತ್ರವೊಂದು ಬೇಕರಿಗಳಿಗೆ ಸಿದ್ಧವಾಯಿತು. ಬಳಿಕ ಅಮೆರಿಕದ ನೌಕಾಪಡೆಯವರು ಅದನ್ನು ತಮ್ಮ ಹಡಗುಗಳ ಅಡಿಗೆಮನೆಗಳಿಗೆ ಕೊಂಡರು. ಸಾವಿರಾರು ನಾವಿಕರಿಗೆ ದಿನವೂ ಬ್ರೆಡ್ಡು ಬೇಯಿಸಬೇಕಾದಲ್ಲಿ ಕೈಯಿಂದ ನಾದುವುದು ಎಷ್ಟರಮಟ್ಟಿಗೆ ಸಾಧ್ಯ?

1919ರಲ್ಲಿ ಅದೇ ಯಂತ್ರವನ್ನು ಮನೆಯ ಅಳತೆಗೆ ಇಳಿಸಿ ಕಿಚನ್‌ಏಡ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಮನೆಯ ಅಳತೆ ಎಂದರೂ ತೂಕ 65 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ 29 ಕಿಲೋಗ್ರಾಮಿಗೂ ಮೇಲೆ. ಬೆಲೆ 189 ಡಾಲರು 50 ಸೆಂಟು. ಕೆಲವೇ ವರ್ಷಗಳ ಮೇಲೆ, 1920ರ ದಶಕದ ನಡುವಿನಲ್ಲಿ, ಫೋರ್ಡರ ಟಿ ಮಾದರಿಯ ಮೋಟಾರು ಗಾಡಿಯೇ 300 ಡಾಲರಿಗೂ ಕಡಮೆಗೆ ಸಿಕ್ಕುತ್ತಿತ್ತೆಂಬುದನ್ನು ನೆನೆದರೆ ಇದು ಯಾರ ಮನೆಗೆ ಹೋಗಬಹುದಾದ ವಸ್ತುವೆಂದು ತಿಳಿಯುತ್ತದೆ. ಸಾಧಾರಣ ಸಂಸಾರಗಳಿಗೆ ಎಟಕುವ ಯಂತ್ರ ಬಂದದ್ದು 1930ರಲ್ಲಿ. ಅದು ಸನ್‌ಬೀಮ್ ಮಿಕ್ಸ್‌ಮಾಸ್ಟರ್. ರೂಪಿಸಿದವನು ಸ್ವೀಡನ್ನಿನಿಂದ ವಲಸೆ ಬಂದ ಐವರ್ ಜೆಪ್ಸನ್. ಬೆಲೆ ಇಪ್ಪತ್ತು ಡಾಲರಿಗೂ ಒಳಗೆ. ಅದರಲ್ಲಿ ಜೋಡಿ ಕಡೆಗೋಲುಗಳು ಒಂದರೊಳಗೊಂದು ಹೆಣೆದುಕೊಂಡು ತಿರುಗುತ್ತಿದ್ದುವು. ಕೇಕಿನ ಹಿಟ್ಟಿಗೆ, ಕೆನೆಗೆ ಅದು ಸಾಕು. ಗಟ್ಟಿ ಹಿಟ್ಟಿಗೆ ಹೋಬಾರ್ಟ್ ಕುಲದ ಯಂತ್ರವೇ ಬೇಕು. ಹೀಗೆ ಮೊದಲಿನಿಂದಲೂ ಈ ಯಂತ್ರಗಳಲ್ಲಿ ಎರಡು ಜಾತಿ: ಕಡೆಯುವುದರಲ್ಲಿ ಚುರುಕಾದದ್ದು ಒಂದು, ನಾದುವುದರಲ್ಲಿ ಗಟ್ಟಿಯಾದದ್ದು ಇನ್ನೊಂದು.

ಹೋಬಾರ್ಟ್ ಕುಲದ ಯಂತ್ರದ ಗುಟ್ಟು ಅದರ ಚಲನೆಯಲ್ಲಿದೆ. ಭೂಮಿ ತನ್ನ ಸುತ್ತ ತಾನು ತಿರುಗುತ್ತಲೇ ಸೂರ್ಯನನ್ನೂ ಸುತ್ತುವುದೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಇಲ್ಲಿಯೂ ಉಪಕರಣ ತನ್ನ ಸುತ್ತ ತಿರುಗುತ್ತ ಬೋಗುಣಿಯ ಒಳ ಅಂಚನ್ನು ಬಳಸಿಕೊಂಡು ಬರುತ್ತದೆ. ಆದರೆ ಈ ಎರಡು ಚಲನೆಗಳ ದಿಕ್ಕು ಪರಸ್ಪರ ವಿರುದ್ಧ. ಇದರಿಂದ ಬೋಗುಣಿ ನಿಂತಲ್ಲೇ ನಿಂತಿದ್ದರೂ ಅದರ ಯಾವ ಮೂಲೆಯೂ ಮುಟ್ಟದೆ ಉಳಿಯುವುದಿಲ್ಲ. ಇಂಗ್ಲಿಷಿನವರು ಇದನ್ನು ಗ್ರಹಗತಿಯ ಚಲನೆ ಎಂದೇ ಕರೆಯುತ್ತಾರೆ. 1940ರಲ್ಲಿ ಸ್ವೀಡನ್ನಿನಲ್ಲಿ ಆಲ್ವರ್ ಲೆನ್ನಿಂಗ್ ಎಂಬವನು ಇದಕ್ಕೆ ತಿರುಗುಮುರುಗಾದ ಯಂತ್ರವೊಂದನ್ನು ಇಲೆಕ್ಟ್ರೊಲಕ್ಸ್ ಕಂಪನಿಗಾಗಿ ರಚಿಸಿದ. ಅದರಲ್ಲಿ ಬೋಗುಣಿಯನ್ನೇ ತಿರುಗಿಸುತ್ತಾರೆ; ಉರುಳೆಯೊಂದು ಅದರೊಳಗೆ ಹಿಟ್ಟನ್ನು ಒತ್ತುತ್ತ ನಿಂತಿರುತ್ತದೆ. ಈ ಭೇದ ನಮಗೆ ಹೊಸದಲ್ಲ. ಒರಳುಕಲ್ಲಿನಲ್ಲಿ ಒರಳು ನಿಂತಿದ್ದು ಗುಂಡು ತಿರುಗುತ್ತಿತ್ತು. ಈಗಿನ ವೆಟ್ ಗ್ರೈಂಡರಿನಲ್ಲಿ ಪಾತ್ರೆ ತಿರುಗುತ್ತದೆ, ಗುಂಡುಗಳು ಇದ್ದೆಡೆಯಲ್ಲೇ ಉರುಳುತ್ತವೆ.

1937ರಲ್ಲಿ ಎಗ್ಮಂಟ್ ಆರೆನ್ಸ್ ಎಂಬ ವಿನ್ಯಾಸಕಾರ ಕಿಚನ್‌ಏಡ್ ಯಂತ್ರಕ್ಕೆ ದುಂಡಗಿನ ಹೊಸ ಮೈ ಕೊಟ್ಟ. ಇಂದು ಅಂಗಡಿಯಲ್ಲಿ ಕಾಣುವ ಯಂತ್ರವೂ ಹೆಚ್ಚುಕಡಮೆ ಅದೇ ಆಕಾರದ್ದು. ತಲೆಯ ಮುಂಭಾಗದಲ್ಲಿ ಹೆಚ್ಚಿನ ಉಪಕರಣಗಳನ್ನು ಸಿಕ್ಕಿಸುವ ಗೂಡಿನ ಅಳತೆಯನ್ನು ಸಹ ಅವರು ಬದಲಿಸದೆ ಉಳಿಸಿಕೊಂಡು ಬಂದಿದ್ದಾರೆ. ಅಜ್ಜಿಯ ಯಂತ್ರಕ್ಕೆ ಮೊಮ್ಮಗಳು ಹೊಸ ಉಪಕರಣ ಕೊಳ್ಳಬಹುದು. ಹಳೆಯ ಯಂತ್ರಗಳನ್ನು ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಕೆನ್‌ವುಡ್ ಶೆಫ್. ಕೆನೆತ್ ವುಡ್ ಎಂಬವನು ಅದನ್ನು 1950ರಲ್ಲಿ ಲಂಡನ್ನಿನ ಐಡಿಯಲ್ ಹೋಮ್ ಪ್ರದರ್ಶನದಲ್ಲಿ ಜನರ ಮುಂದಿಟ್ಟ. ಹತ್ತು ವರ್ಷಗಳ ಮೇಲೆ ಕೆನೆತ್ ಗ್ರೇಂಜ್ ಎಂಬ ವಿನ್ಯಾಸಕಾರ ಅದಕ್ಕೆ ನೆಟ್ಟನೆಯ ಗೆರೆಗಳ ಹೊಸ ರೂಪ ಕೊಟ್ಟ. ಕಲಸುವ ಉಪಕರಣ ಇಂಗ್ಲಿಷಿನ ಕೆ ಅಕ್ಷರದ ಆಕಾರದಲ್ಲಿದೆ. ಅಕ್ಷರ ಕಲಿಸುವ ನನ್ನಂಥವನಿಗೆ ಇದು ಮೊದಲ ನೋಟದಲ್ಲೇ ಹಿಡಿಸಿತು. ನಮ್ಮ ಮನೆಗೆ ಬಂದದ್ದು ಈ ಎರಡನೆಯ ರೂಪದ ಯಂತ್ರ.

ಅದು ಬಂದ ಬಗೆಯನ್ನು ಹೇಳಬೇಕು. ಕೊಡಗಿನ ಕಡೆಯ ಒಂದು ಕಾಫಿ ತೋಟದ ಬಂಗಲೆಯಲ್ಲಿ ಹಳೆಯ ಸಾಮಾನುಗಳನ್ನೆಲ್ಲ ಹೊರಹಾಕಿದರಂತೆ. ಅವು ಲಾರಿಯೇರಿ ಹಾಸನದ ಗುಜರಿ ಅಂಗಡಿಯೊಂದಕ್ಕೆ ಬಂದುವು. ಹಳೆಯ ಪುಸ್ತಕ ಹುಡುಕಲು ಹೋದ ನನ್ನ ಕಣ್ಣಿಗೆ ಮಾಸಿದ ಬಿಳಿಯ ಬಣ್ಣದ ಈ ಯಂತ್ರ ಬಿತ್ತು. ಅಂಗಡಿಯವನು ತಕ್ಕಡಿಗೆ ಹಾಕಿ ತೂಕದ ಲೆಕ್ಕದಲ್ಲಿ ಕೊಟ್ಟ. ಹೊತ್ತು ತಂದದ್ದನ್ನು ಕಂಡು ನಮ್ಮ ಮನೆಯವರು, "ರೀ, ಪುಸ್ತಕ ಆಯ್ತು, ಈಗ ಕಬ್ಬಿಣವೂ ಶುರುವಾಯ್ತಾ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬರಿಯ ಕುತೂಹಲಕ್ಕೆ ತಂದದ್ದು ನಿಜ.

ಕುತೂಹಲಕ್ಕೆ ತಕ್ಕ ಶಾಸ್ತಿಯೂ ಆಯಿತು. ಪ್ಲಗ್ಗು ಸಿಕ್ಕಿಸಿ ಗುಂಡಿ ತಿರುಗಿಸಿದೆ. ಯಂತ್ರ ಒಂದು ನಿಮಿಷ ಚೆನ್ನಾಗಿಯೇ ತಿರುಗಿತು. ಬಳಿಕ ತಲೆಯೊಳಗಿಂದ ದಪ್ಪವಾದ ಹೊಗೆ ಎದ್ದು ಅಡಿಗೆಮನೆಯೆಲ್ಲ ಕಮಟು ವಾಸನೆ ತುಂಬಿತು. ಮಿಕ್ಸಿ ರಿಪೇರಿ ಮಾಡುವ ಅಂಗಡಿಯೊಂದಕ್ಕೆ ಒಯ್ದರೆ, ತೆರೆದು ಸಹ ನೋಡದೆ ಎಸೆಯಿರಿ ಎಂದುಬಿಟ್ಟರು. ಕೊನೆಗೆ ಕೈಹಿಡಿದವರು ನಮ್ಮ ಊರಿನ ಹಳೆಯ ರೇಡಿಯೋ ರಿಪೇರಿಯ ಹಿರಿಯರು. ಮೂಗಿನ ಬಳಿಗೆ ತಂದು ವಾಸನೆ ನೋಡಿದವರೇ, "ಮೇಷ್ಟ್ರೇ, ಮೋಟರ್ ಸುಟ್ಟಿಲ್ಲ, ಕಂಡೆನ್ಸರ್ ಹೋಗಿದೆ. ನಿಮ್ಮ ತಂದೆಯವರ ರೇಡಿಯೋದಲ್ಲೂ ಇದೇ ಹೋಗ್ತಿತ್ತು" ಎಂದರು. ಮೋಟಾರಿನ ಕಿಡಿಯಿಂದ ಅಕ್ಕಪಕ್ಕದ ರೇಡಿಯೋಗಳಲ್ಲಿ ಗರಗರ ಸದ್ದು ಕೇಳಬಾರದೆಂದು ಇಂಥ ಯಂತ್ರಗಳಲ್ಲಿ ಸಣ್ಣ ಕಂಡೆನ್ಸರುಗಳನ್ನು ಇಟ್ಟಿರುತ್ತಾರೆ. ವಯಸ್ಸಾದ ಮೇಲೆ ಅವು ಒಡೆದು ಹೊಗೆಯುಗುಳುತ್ತವೆ. ಕೆಲವು ರೂಪಾಯಿಗಳ ಬಿಡಿಭಾಗ. ಅವರು ಅದನ್ನು ಬದಲಿಸಿ, ಸವೆದಿದ್ದ ಕಾರ್ಬನ್ ಬ್ರಷ್ಷುಗಳನ್ನು ತೆಗೆದು ಹೊಸವನ್ನಿಟ್ಟು, ಗೇರುಗಳ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಿ, ಬಿರುಕು ಬಿಟ್ಟಿದ್ದ ತಂತಿಯ ಬದಲು ಅರ್ತ್ ಇರುವ ಮೂರು ಎಳೆಯ ತಂತಿ ಹಾಕಿಕೊಟ್ಟರು. ಯಂತ್ರ ಬದುಕಿತು. ಆದರೂ ನಾಲ್ಕು ತಿಂಗಳು ಅದು ನನ್ನ ಪುಸ್ತಕದ ಕಪಾಟಿನ ಮೇಲೆಯೇ ಕುಳಿತಿತ್ತು.

ಕಪಾಟಿನಿಂದ ಅದನ್ನು ಇಳಿಸುವ ಪ್ರಸಂಗ ಬಂದದ್ದು ಯುಗಾದಿಯ ಮುಂಚೆ. ನಮ್ಮ ಮನೆಯವರಿಗೆ ಬಲಗೈಯ ಮಣಿಕಟ್ಟಿನಲ್ಲಿ ನೋವು ಶುರುವಾಗಿ ಚಳಿಗಾಲದಲ್ಲಿ ಹೆಚ್ಚಿತು. ಡಾಕ್ಟರು ಪಟ್ಟಿ ಕಟ್ಟಿ, ಹಿಟ್ಟು ನಾದುವುದನ್ನೂ ಬಟ್ಟೆ ಹಿಂಡುವುದನ್ನೂ ನಿಲ್ಲಿಸಬೇಕೆಂದರು. ಚಪಾತಿಯ ಹಿಟ್ಟನ್ನು ನಾನು ನಾದಲು ಕಲಿತೆ. ಒಬ್ಬಟ್ಟಿನ ಕಣಕ ಮಾತ್ರ ನನ್ನ ಕೈಗೆ ಒಲಿಯಲಿಲ್ಲ. ಅದನ್ನು ಮಾಡಿದವರಿಗೆ ಗೊತ್ತು. ಮೈದಾವನ್ನು ಸಡಿಲವಾಗಿ ಕಲಸಿ, ಎಣ್ಣೆ ಹಾಕಿ, ಎಳೆದರೆ ಹರಿಯದೆ ಬರುವವರೆಗೆ ಇಪ್ಪತ್ತು ನಿಮಿಷ ನಾದಬೇಕು. "ಈ ಸಲ ಒಬ್ಬಟ್ಟು ಬೇಡ ಬಿಡಿ" ಎಂದರು ಅವರು. ಮೂವತ್ತು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಯಂತ್ರವನ್ನು ನಾನು ಅವತ್ತೇ ಕೆಳಗಿಳಿಸಿದೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮನೆಗೆ ಹೊಸ ಸ್ಟ್ಯಾಂಡ್ ಮಿಕ್ಸರೊಂದು ಬಂದಿತ್ತು. ಅದನ್ನು ಒಂದು ವಾರದ ಮಟ್ಟಿಗೆ ಕೇಳಿ ತಂದೆ. ಹಳೆಯದರ ತಳದಲ್ಲಿ ಬರೆದಿದ್ದುದು ಐನೂರು ವ್ಯಾಟಿಗೂ ಕಡಮೆ. ಹೊಸದರ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಗಳಲ್ಲಿ 1000 ವ್ಯಾಟ್ ಎಂದಿತ್ತು. ಎರಡರಲ್ಲೂ ಅರ್ಧರ್ಧ ಕಿಲೋ ಮೈದಾ, ಒಂದೇ ಅಳತೆಯ ನೀರು, ಉಪ್ಪು, ಚಿಟಿಕೆ ಅರಿಸಿನ ಹಾಕಿ, ಕೊಕ್ಕೆಯ ಉಪಕರಣ ಸಿಕ್ಕಿಸಿ, ಅತ್ಯಂತ ಕಡಮೆ ವೇಗದಲ್ಲಿ ಬಿಟ್ಟೆ. ಎರಡರಲ್ಲೂ ಎರಡು ಮೂರು ಸಲ ನಿಲ್ಲಿಸಬೇಕಾಯಿತು. ಹಿಟ್ಟು ಕೊಕ್ಕೆಯ ಮೇಲಕ್ಕೆ ಹತ್ತಿಕೊಂಡು ಬರುತ್ತದೆ, ಅದನ್ನು ಕೆಳಗೆ ತಳ್ಳಬೇಕು. ಹಳೆಯದು ಎಂಟು ನಿಮಿಷ ತೆಗೆದುಕೊಂಡಿತು, ಹೊಸದು ಏಳು. ಎರಡು ಉಂಡೆಗಳನ್ನೂ ಒಂದೇ ಬಗೆಯ ಬಟ್ಟಲುಗಳಲ್ಲಿಟ್ಟು, ಯಾವುದು ಯಾವ ಯಂತ್ರದ್ದೆಂದು ಹೇಳದೆ ನನ್ನ ತಾಯಿಯ ಮುಂದಿಟ್ಟೆ. ಎಂಬತ್ತು ದಾಟಿದ ಅವರು ಎರಡನ್ನೂ ಎಳೆದು ನೋಡಿದರು, ಬೆರಳಲ್ಲಿ ಒತ್ತಿದರು, ಮತ್ತೆ ಎಳೆದರು. "ಎರಡೂ ಒಂದೇ ಕಣೋ. ಯಾರು ನಾದಿದ್ದು?" ಎಂದರು.

ಇಮ್ಮಡಿ ವ್ಯಾಟಿನ ಯಂತ್ರ ಒಂದು ನಿಮಿಷವನ್ನಷ್ಟೇ ಉಳಿಸಿತು. ಇದಕ್ಕೆ ಕಾರಣವುಂಟು. ಯಂತ್ರದ ಮೇಲೆ ಬರೆದಿರುವ ವ್ಯಾಟು ಅದು ಗೋಡೆಯಿಂದ ಎಳೆದುಕೊಳ್ಳುವ ವಿದ್ಯುತ್ತಿನ ಅಳತೆ; ಹಿಟ್ಟಿಗೆ ಮುಟ್ಟುವ ಬಲದ ಅಳತೆಯಲ್ಲ. ಹೆಚ್ಚು ಉಣ್ಣುವ ಆಳೆಲ್ಲ ಹೆಚ್ಚು ದುಡಿಯುವ ಆಳಲ್ಲವೆಂದು ಹಳ್ಳಿಯವರಿಗೆ ಗೊತ್ತು. ಮೋಟಾರಿನ ವೇಗವನ್ನು ಇಳಿಸಿ ಬಲವನ್ನು ಏರಿಸುವುದು ನಡುವಿನ ಹಲ್ಲಿನ ಚಕ್ರಗಳ ಕೆಲಸ. ಆ ಚಕ್ರಗಳು ಚೆನ್ನಾಗಿದ್ದರೆ ಚಿಕ್ಕ ಮೋಟಾರೂ ನಾದಬಲ್ಲುದು.

ಹೀಗೆಂದು ಹಳೆಯದೇ ಮೇಲೆಂದು ಡಂಗುರ ಹೊಡೆಯಲು ನಾನು ಬಂದಿಲ್ಲ. ಒಂದು ವಾರದಲ್ಲಿ ಹೊಸದರ ಗುಣಗಳೂ ಕಂಡುವು. ಅದು ಮೆಲ್ಲಗೆ ಶುರುವಾಗಿ ವೇಗ ಹಿಡಿಯುತ್ತದೆ. ಹಳೆಯದು ತಟ್ಟನೆ ಹೊರಟು ಒಣ ಹಿಟ್ಟನ್ನು ನನ್ನ ಮುಖಕ್ಕೆ ಎರಚಿತು. ಹೊಸದರ ತಲೆಯನ್ನು ಎತ್ತಿದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅದರ ಉಕ್ಕಿನ ಉಪಕರಣಗಳನ್ನು ಹೇಗೆ ತೊಳೆದರೂ ನಡೆಯುತ್ತದೆ. ಹಳೆಯದರ ಅಲ್ಯೂಮಿನಿಯಮ್ ಉಪಕರಣಗಳು ಸೋಡಾ ತಾಗಿದರೆ ಕಪ್ಪಾಗಿ, ಒರಸಿದ ಬಟ್ಟೆಗೂ ಕೈಗೂ ಮಸಿ ಹತ್ತುತ್ತದೆ. ಹೊಸದರಲ್ಲಿ ನನಗೆ ಅಳುಕು ಹುಟ್ಟಿಸಿದ್ದು ಒಂದೇ: ಅದರ ವೇಗವನ್ನು ಆಳುವ ಇಲೆಕ್ಟ್ರಾನಿಕ್ ಹಲಗೆ ಕೆಟ್ಟರೆ ನಮ್ಮ ರೇಡಿಯೋ ಅಂಗಡಿಯ ಹಿರಿಯರು ವಾಸನೆ ನೋಡಿ ಹೇಳಲಾರರು. ಅಂಥದೇ ಹಲಗೆಯನ್ನು ಕಂಪನಿಯಿಂದ ತರಿಸಬೇಕು. ಕಂಪನಿ ಆ ಮಾದರಿಯನ್ನು ನಿಲ್ಲಿಸಿದ್ದರೆ ಅದೂ ಕಷ್ಟ.

ಹಳೆಯದನ್ನು ಹೊಗಳುವವರು ಹೇಳುವ ಇನ್ನೊಂದು ದೂರನ್ನು ಇಲ್ಲಿ ಪರಿಶೀಲಿಸಬೇಕು. ಈಗಿನವರು ಒಳಗೆ ಮೆತ್ತಗಿನ ಗೇರು ಹಾಕಿ ಮೋಸ ಮಾಡುತ್ತಾರೆ, ಬೇಗ ಮುರಿಯುತ್ತದೆ ಎಂಬುದು ಆ ದೂರು. ಕೆಲವು ಕಡೆ ಇದು ನಿಜವಿರಬಹುದು. ಆದರೆ ಕಿಚನ್‌ಏಡಿನ ಹಲವು ಮಾದರಿಗಳಲ್ಲಿ ಒಂದು ಗೇರನ್ನು ಬೇಕೆಂದೇ ಉಳಿದವುಗಳಿಗಿಂತ ಮೆದುವಾಗಿ ಮಾಡಿರುತ್ತಾರೆ. ಹಿಟ್ಟು ಮಿತಿಮೀರಿ ಗಟ್ಟಿಯಾಗಿ ಉಪಕರಣ ಸಿಕ್ಕಿಕೊಂಡಾಗ, ಮೊದಲು ಅದರ ಹಲ್ಲು ಹೋಗಿ ಮೋಟಾರು ಉಳಿಯಲಿ ಎಂಬುದೇ ಉದ್ದೇಶ. ನಮ್ಮ ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ, ಜಾರಿನ ಅಡಿಯಲ್ಲಿ ಸವೆಯುವ ಕಪ್ಲರು, ಇವೂ ಅದೇ ಧರ್ಮದವು. ಆದಕಾರಣ ಗೇರು ಮೆತ್ತಗಿದೆಯೆ ಎಂಬ ಪ್ರಶ್ನೆಗಿಂತ, ಮುರಿದರೆ ಅದೊಂದನ್ನೇ ಕೊಂಡು ಹಾಕಬಹುದೆ ಎಂದು ಕೇಳುವುದು ಲೇಸು.

ಇನ್ನು ಒಬ್ಬಟ್ಟಿನ ಇನ್ನೊಂದು ಅರ್ಧ, ಹೂರಣ. ಕಣಕ ಗೆದ್ದ ಹುರುಪಿನಲ್ಲಿ ಬೆಂದ ಬೇಳೆಯನ್ನೂ ಬೆಲ್ಲವನ್ನೂ ಅದೇ ಬೋಗುಣಿಗೆ ಹಾಕಿ, ಕೆ ಅಕ್ಷರದ ಉಪಕರಣವನ್ನು ಸಿಕ್ಕಿಸಿದೆ. ಬೇಳೆ ಕಲಸಿಕೊಂಡಿತು, ಅಲ್ಲಲ್ಲಿ ಜಜ್ಜಿಕೊಂಡಿತು, ನುಣ್ಣಗಾಗಲಿಲ್ಲ. ಹೇಗಾದೀತು? ಹೂರಣವನ್ನು ರುಬ್ಬಬೇಕು, ಈ ಯಂತ್ರ ಆ ಕ್ರಿಯಾಪದಕ್ಕೆ ಹುಟ್ಟಿದ್ದೇ ಅಲ್ಲ. ನಮ್ಮ ಮನೆಯವರು ಮಾತಾಡದೆ ಹಳೆಯ ಮಿಕ್ಸಿಯ ಜಾರನ್ನು ತಂದು ನನ್ನ ಮುಂದಿಟ್ಟರು.

ಇದೇ ತಪ್ಪು ತಿರುಗುಮುರುಗಾಗಿ ನಡೆದು ಒಂದು ಉದ್ಯಮವೇ ಹುಟ್ಟಿದ ಕಥೆ ನಮ್ಮ ದೇಶದಲ್ಲುಂಟು. ಮುಂಬಯಿಯ ಮಾಧುರಿ ಮಾಥುರ್ ಎಂಬವರ ಮನೆಯಲ್ಲಿ ಜರ್ಮನಿಯ ಬ್ರೌನ್ ಕಂಪನಿಯ ಯಂತ್ರವೊಂದಿತ್ತು. ಯೂರೋಪಿನ ಅಡಿಗೆಯ ಹದಕ್ಕೆ ಮಾಡಿದ ಅದು ನಮ್ಮ ಮಸಾಲೆಯ ಅರೆತವನ್ನು ತಾಳಲಾರದೆ ಕೆಟ್ಟಿತು. ರಿಪೇರಿಗೆ ಇಲ್ಲಿ ಅನುಕೂಲವಿರಲಿಲ್ಲ. ಅವರ ಪತಿ ಸತ್ಯಪ್ರಕಾಶ್ ಮಾಥುರರು ಇಂಜಿನಿಯರು. ನಮ್ಮ ಮಸಾಲೆಯನ್ನು ಅರೆಯಬಲ್ಲ, ಹೆಚ್ಚು ಬಲದ ಮೋಟಾರಿನ ಯಂತ್ರವನ್ನು ಅವರು ತಾವೇ ರಚಿಸಿದರು. 1963ರಲ್ಲಿ ಹೊರಬಂದ ಅದಕ್ಕೆ ಸುಮೀತ್ ಎಂದು ಹೆಸರಿಟ್ಟರು. ಒಳ್ಳೆಯ ಮಿತ್ರನೆಂದು ಅರ್ಥ. ಮಿಕ್ಸಿ ಎಂದು ಊರೂರಿನಲ್ಲಿ ನಾವು ಕರೆಯುವ ಯಂತ್ರಗಳ ಪರಂಪರೆಗೆ ಅದೇ ಹಿರಿಯಣ್ಣ. ವಿದೇಶದ ಯಂತ್ರವಾಗಲಿ ನಮ್ಮ ಮಸಾಲೆಯಾಗಲಿ ಕೆಟ್ಟದ್ದಾಗಿರಲಿಲ್ಲ. ಕಡೆಯುವುದಕ್ಕೆ ಮಾಡಿದ್ದನ್ನು ಅರೆಯುವುದಕ್ಕೆ ಹಚ್ಚಿದ್ದೇ ಅನರ್ಥಕ್ಕೆ ಕಾರಣ.

ನಮ್ಮ ಮನೆಗೆ ಮಿಕ್ಸಿ ಬಂದದ್ದು 1979ರಲ್ಲಿ, ನಮ್ಮ ತಂದೆಯವರಿಗೆ ಬಾಕಿ ಸಂಬಳ ಒಟ್ಟಿಗೆ ಕೈಗೆ ಬಂದ ತಿಂಗಳು. ಅಂದಿನಿಂದ ಹಿತ್ತಲಿನ ಒರಳುಕಲ್ಲು ಮೂಲೆಗೆ ಸರಿದು, ಈಗ ಅದರಲ್ಲಿ ಮಳೆನೀರು ನಿಂತು ಗುಬ್ಬಚ್ಚಿಗಳು ಮೀಯುತ್ತವೆ. ಕೆಲವು ವರ್ಷಗಳ ಹಿಂದೆ ಶಾಲೆಯ ಸಮಾರಂಭದಲ್ಲಿ ನಾನು ಒರಳುಕಲ್ಲಿನ ಸಂಸ್ಕೃತಿಯನ್ನು ಕುರಿತು ಭಾವಪೂರ್ಣವಾಗಿ ಮಾತನಾಡಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ತಾಯಿಗೆ ಅದೇ ಮಾತುಗಳನ್ನು ಒಪ್ಪಿಸಿದೆ. ಅವರು ಎಲ್ಲವನ್ನೂ ಕೇಳಿ, "ನೀನು ಒಂದು ದಿನ ಆದ್ರೂ ರುಬ್ಬಿದೀಯೇನೋ?" ಎಂದರು. ಇಲ್ಲವೆಂದೆ. "ಹನ್ನೆರಡು ಜನದ ಮನೆ. ಬೆಳಗಾಗೆದ್ದು ಎರಡು ಸೇರು ರುಬ್ಬಿದ್ರೆ ಸಾಯಂಕಾಲದ ತನಕ ಭುಜ ಎತ್ತಕ್ಕೆ ಆಗ್ತಿರಲಿಲ್ಲ. ಹಳೇದು ಚೆಂದ ಅನ್ನೋರು ಅದನ್ನ ತಿರುಗಿಸಿದೋರಲ್ಲ ಕಣೋ" ಎಂದರು. ಹಳೆಯ ಸಾಮಾನು ಕೂಡಿಡುವವರೆಲ್ಲ ಮನೆಯ ಬಾಗಿಲಿಗೆ ಬರೆದು ಹಚ್ಚಿಕೊಳ್ಳಬೇಕಾದ ಮಾತಿದು. ನಾನಂತೂ ಆ ಭಾಷಣವನ್ನು ಮತ್ತೆ ಮಾಡಿಲ್ಲ.

ತಮ್ಮಲ್ಲಿ ಯಾರಿಗಾದರೂ ಇಂಥ ಹಳೆಯ ಯಂತ್ರ ಕಣ್ಣಿಗೆ ಬಿದ್ದರೆ ನಾಲ್ಕು ಸಂಗತಿಗಳನ್ನು ನೋಡಿ ಕೊಳ್ಳಿ. ಮೊದಲನೆಯದು ವಿದ್ಯುತ್ತು. ಅಮೆರಿಕದ ಯಂತ್ರಗಳು ಸುಮಾರು 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಆ ಗಳಿಗೆಯೇ ಸುಟ್ಟುಹೋದಾವು, ತಕ್ಕ ಟ್ರಾನ್ಸ್‌ಫಾರ್ಮರು ಬೇಕು. ಇಂಗ್ಲೆಂಡಿಗಾಗಿ ಮಾಡಿದವು ನಮ್ಮ ವೋಲ್ಟಿಗೆ ಹೊಂದುತ್ತವೆ. ಎರಡನೆಯದು ತಂತಿ. ಹಳೆಯ ರಬ್ಬರು ಪುಡಿಯಾಗಿರುತ್ತದೆ. ಬದಲಿಸಿ ಅರ್ತ್ ಕೊಡಿಸದೆ ಮುಟ್ಟಬೇಡಿ, ಲೋಹದ ಮೈಯ ಯಂತ್ರ ಒದ್ದೆಗೈಯಲ್ಲಿ ಅಪಾಯ. ತೆರೆಯುವ ಕೆಲಸವನ್ನು ಬಲ್ಲವರಿಗೇ ಬಿಡಿ. ಮೂರನೆಯದು ಗ್ರೀಸು. ಬಹುಕಾಲ ಸುಮ್ಮನಿದ್ದ ಯಂತ್ರದಲ್ಲಿ ಎಣ್ಣೆ ಬೇರ್ಪಟ್ಟು ಬೋಗುಣಿಗೆ ತೊಟ್ಟಿಕ್ಕುತ್ತದೆ. ಮೊದಲೇ ತೊಳೆಸಿ ಹೊಸದನ್ನು ಹಾಕಿಸಬೇಕು. ನಾಲ್ಕನೆಯದು ಉಪಕರಣದ ಎತ್ತರ. ಅದು ಬೋಗುಣಿಯ ತಳವನ್ನು ಉಜ್ಜಬಾರದು, ಬಹಳ ಮೇಲೂ ನಿಲ್ಲಬಾರದು. ಕೆನ್‌ವುಡ್ಡಿನಲ್ಲಿ ಉಪಕರಣದ ಕಾಂಡದಲ್ಲಿರುವ ನಟ್ಟನ್ನು ಸಡಿಲಿಸಿ ಇದನ್ನು ಸರಿಮಾಡಬಹುದು. ತಲೆ ಮಗುಚುವ ಕಿಚನ್‌ಏಡಿನಲ್ಲಿ ತಿರುಪೊಂದುಂಟು. ಬರಿಯ ಬೋಗುಣಿಗೆ ಸಣ್ಣ ನಾಣ್ಯ ಹಾಕಿ ಮೆಲ್ಲನೆ ತಿರುಗಿಸಿದಾಗ, ಉಪಕರಣ ನಾಣ್ಯವನ್ನು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪವೇ ಸರಿಸುತ್ತಿದ್ದರೆ ಎತ್ತರ ಸರಿಯಾಗಿದೆಯೆಂದು ತಿಳಿಯಬೇಕು.

ಹೊಸದನ್ನು ಕೊಳ್ಳುವವರಿಗೂ ಒಂದು ಮಾತು. ಅಂಗಡಿಯಲ್ಲಿ ವ್ಯಾಟು ಎಷ್ಟೆಂದು ಕೇಳುವ ಮೊದಲು, ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಕೈ ನೋಯುತ್ತದೆ ಎಂದು ಕೇಳಿಕೊಳ್ಳಿ. ರುಬ್ಬುವುದೋ, ಅರೆಯುವುದೋ, ನಾದುವುದೋ? ಕೈ ನೋಯುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಬಳಿಕ, ಕೆಟ್ಟರೆ ಇದನ್ನು ತೆರೆಯುವವರು ನಮ್ಮ ಊರಿನಲ್ಲಿ ಇದ್ದಾರೆಯೆ ಎಂದು ವಿಚಾರಿಸಿ. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಯಂತ್ರ ಹಳೆಯದಾದರೂ ಆದೀತು, ಹೊಸದಾದರೂ ಆದೀತು.

ತಂಗಿಯ ಯಂತ್ರ ವಾರ ಕಳೆದು ಬೆಂಗಳೂರಿಗೆ ಹಿಂದಿರುಗಿತು. ಯುಗಾದಿಯ ಬೆಳಿಗ್ಗೆ ಗುಜರಿಯ ಯಂತ್ರ ಕಣಕ ನಾದಿತು. 1979ರ ಮಿಕ್ಸಿ ಹೂರಣ ಅರೆಯಿತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಮನೆಯವರು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡಿಸಿದರು. ತಟ್ಟಿ ಬೇಯಿಸಿದ್ದು ನಾನು. ಮೊದಲ ನಾಲ್ಕು ಒಬ್ಬಟ್ಟು ಹರಿದುವು. ಆ ಕೆಲಸಕ್ಕೆ ನಮ್ಮ ಮನೆಯಲ್ಲಿ ಇನ್ನೂ ಯಂತ್ರವಿಲ್ಲ. ಯಂತ್ರವೀಗ ಪುಸ್ತಕದ ಕಪಾಟಿಗೆ ಹಿಂದಿರುಗಿಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆಯೇ ಇದೆ. ಜಾಗ ಬಹಳ ಹಿಡಿಯುತ್ತದೆಂದು ಅವರು ಈಗಲೂ ಹೇಳುತ್ತಾರೆ. ಆದರೆ ಅದರ ಮೇಲೆ ಹೊದಿಸಿರುವ ಕಸೂತಿಯ ಬಟ್ಟೆ, ಎಡಗೈಯಲ್ಲೇ ಸೂಜಿ ಹಿಡಿದು, ಅವರೇ ಹಾಕಿದ್ದು.